ಬಚ್ಚಲಿನ ವಿಷಯವನ್ನೂ ಡಾಕ್ಟರಿಗೆ ಹೇಳಿ

ಬೆಳಿಗ್ಗೆ ಆರಕ್ಕೆ ಬಚ್ಚಲಿಗೆ ಹೋದವಳು ಎಂಟಾದರೂ ಹೊರಬರುವುದಿಲ್ಲ. ಕೈ ತೊಳೆದು ನಲ್ಲಿ ನಿಲ್ಲಿಸುತ್ತಾಳೆ. ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ತೊಳೆಯುತ್ತಾಳೆ. ಬೆರಳ ಸಂದಿಯ ಚರ್ಮ ಬಿರಿದು ಸೋಪು ತಾಗಿದರೆ ಉರಿ. ‘ಅವಳಿಗೆ ಮಡಿ ಜಾಸ್ತಿ’ ಎಂದು ಮನೆಯವರು ಸುಮ್ಮನಾಗುತ್ತಾರೆ. ವರ್ಷಗಳಾದ ಮೇಲೆ ಊಟ, ನಿದ್ದೆ, ಮಾತು ಎಲ್ಲ ಕಡಿಮೆಯಾದಾಗ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಅಲ್ಲಿ ಹೇಳುವುದು ‘ಮಂಕಾಗಿದ್ದಾಳೆ’ ಎಂದಷ್ಟೇ. ಬಚ್ಚಲಿನ ವಿಷಯ ಯಾರೂ ಎತ್ತುವುದಿಲ್ಲ.

ಇದು ಒಸಿಡಿ, ಅಂದರೆ ಗೀಳು ರೋಗ. ಅದರ ಜೊತೆ ಖಿನ್ನತೆ ಸೇರುವುದು ಅಪರೂಪವಲ್ಲ. ಅಮೆರಿಕದ ದೊಡ್ಡದೊಂದು ಸಮೀಕ್ಷೆಯಲ್ಲಿ ಗೀಳು ರೋಗ ಬಂದವರ ಪೈಕಿ ನೂರಕ್ಕೆ ಸುಮಾರು 40 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ತೀವ್ರ ಖಿನ್ನತೆ ಅನುಭವಿಸಿದ್ದರು. ಅನೇಕರಲ್ಲಿ ಗೀಳು ಮೊದಲು, ಖಿನ್ನತೆ ಆಮೇಲೆ. ದಿನದ ಮೂರು ನಾಲ್ಕು ಗಂಟೆ ಗೀಳಿಗೇ ಹೋದರೆ ಓದು, ಕೆಲಸ, ಸಂಸಾರ ಯಾವುದು ನೆಟ್ಟಗಿದ್ದೀತು?

ತೊಳೆಯುವ ಗೀಳಾದರೂ ಕಣ್ಣಿಗೆ ಬೀಳುತ್ತದೆ. ದೇವರ ಮುಂದೆ ಕೈಮುಗಿದಾಗ ಅಶ್ಲೀಲ ಯೋಚನೆ ನುಗ್ಗುವುದು, ಕೂಸನ್ನು ಎತ್ತಿಕೊಂಡ ತಾಯಿಗೆ ‘ಎಸೆದುಬಿಟ್ಟರೆ?’ ಎನ್ನಿಸುವುದು, ಇಂಥವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಆ ಯೋಚನೆ ಅವಳಿಗೇ ಬೇಡ. ಅದಕ್ಕೆ ಹೆದರಿಯೇ ಮಗುವಿನಿಂದ ದೂರ ಸರಿಯುತ್ತಾಳೆ, ತಾನು ಪಾಪಿ ಎಂದುಕೊಂಡು ಕುಗ್ಗುತ್ತಾಳೆ.

ಮುಚ್ಚಿಟ್ಟರೆ ಚಿಕಿತ್ಸೆಯೂ ಹಳಿ ತಪ್ಪುತ್ತದೆ. ಎರಡು ಕಾಯಿಲೆಗೂ ಹೆಚ್ಚಾಗಿ ಕೊಡುವುದು ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳನ್ನೇ; ವ್ಯತ್ಯಾಸವಿರುವುದು ಪ್ರಮಾಣದಲ್ಲಿ, ಅವಧಿಯಲ್ಲಿ. ಉದಾಹರಣೆಗೆ, ಫ್ಲೂಆಕ್ಸೆಟಿನ್ ಮಾತ್ರೆ ಖಿನ್ನತೆಗೆ ಅನೇಕರಿಗೆ ದಿನಕ್ಕೆ 20 ಮಿಲಿಗ್ರಾಂ ಸಾಕು. ಗೀಳಿಗೆ ವೈದ್ಯರು 60ರವರೆಗೂ ಏರಿಸಬೇಕಾಗಬಹುದು, ಫಲ ಕಾಣಲು 8ರಿಂದ 12 ವಾರ ಹಿಡಿಯಬಹುದು. ಡೆಸಿಪ್ರಮಿನ್‌ನಂಥ ಕೆಲವು ಖಿನ್ನತೆಯ ಮಾತ್ರೆಗಳಂತೂ ಗೀಳಿಗೆ ನಾಟುವುದೇ ಇಲ್ಲ.

ಮಾತ್ರೆಯಷ್ಟೇ ಮುಖ್ಯವಾದ ವರ್ತನಾ ಚಿಕಿತ್ಸೆಗೆ 1966ರಲ್ಲಿ ದಾರಿ ತೋರಿಸಿದವರು ಲಂಡನ್‌ನ ವಿಕ್ಟರ್ ಮೇಯರ್. ಇದರಲ್ಲಿ ಚಿಕಿತ್ಸಕರು ಬಾಗಿಲ ಹಿಡಿ ಮುಟ್ಟಿಸಿ, ಕೈ ತೊಳೆಯಲು ಬಿಡದೆ ಕೂರಿಸುತ್ತಾರೆ. ಆತಂಕ ಏರುತ್ತದೆ, ತೊಳೆಯದಿದ್ದರೂ ನಿಧಾನವಾಗಿ ಇಳಿಯುತ್ತದೆ. ಇದಕ್ಕೆ ಒಳಗಿನ ಕಸುವು ಬೇಕು. ಹಾಸಿಗೆ ಬಿಟ್ಟೇಳಲಾರದ ಖಿನ್ನತೆಯಿದ್ದರೆ ವೈದ್ಯರು ಮೊದಲು ಅದನ್ನು ಹತೋಟಿಗೆ ತರುವುದುಂಟು.

ಗೀಳು, ಖಿನ್ನತೆ ಎರಡೂ ಕೂಡಿದಾಗ ಆತ್ಮಹತ್ಯೆಯ ಯೋಚನೆಗಳೂ ಹೆಚ್ಚಬಹುದು. ಅಂಥ ಸುಳಿವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.