ಒಡೆದ ಕಿಟಕಿ, ನೋಡುವ ಕಣ್ಣು

ಬೀದಿಯಲ್ಲಿ ಕಸದ ರಾಶಿ, ಒಡೆದ ಕಿಟಕಿ, ಮೂಲೆಯಲ್ಲಿ ಕುಡಿದು ಕೂತ ಗಂಡಸರು. ಅಲ್ಲಿ ಯಾರ ಜೇಬಿಗೂ ಕತ್ತರಿ ಬೀಳದಿದ್ದರೂ ಹಾದುಹೋಗುವವರ ಎದೆ ಡವಗುಟ್ಟುತ್ತದೆ. ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ ಅಂತ ಬೀದಿಯೇ ಸಾರಿದಂತಿರುತ್ತದೆ. 1982ರಲ್ಲಿ ಅಮೆರಿಕದ ಜೇಮ್ಸ್ ವಿಲ್ಸನ್ ಮತ್ತು ಜಾರ್ಜ್ ಕೆಲಿಂಗ್ ಇದನ್ನೇ ಸಿದ್ಧಾಂತ ಮಾಡಿದರು: ಒಡೆದ ಕಿಟಕಿಯನ್ನು ಹಾಗೇ ಬಿಟ್ಟರೆ ಜನ ಹೆದರಿ ಒಳಸೇರುತ್ತಾರೆ, ಬೀದಿ ಪುಂಡರ ಪಾಲಾಗುತ್ತದೆ.

ಮಾತು ಪೂರ್ತಿ ಸುಳ್ಳಲ್ಲ. ಕಂಡದ್ದರಿಂದಲೇ ಭಯ ಹುಟ್ಟುವುದು, ಸರಿ. ಆದರೆ ಕಣ್ಣಿಗೆ ಹೆಚ್ಚು ಕಾಣುವುದು ಎಲ್ಲಿ? 1995ರಲ್ಲಿ ಶಿಕಾಗೋದ ಬೀದಿಗಳಲ್ಲಿ ಗಾಡಿ ನಿಧಾನಕ್ಕೆ ಓಡಿಸಿ, ವಿಡಿಯೋ ತೆಗೆದು, ಕಸ, ಗೋಡೆಗೀಚು ಎಲ್ಲವನ್ನೂ ಲೆಕ್ಕ ಹಾಕಿದ್ದರು. ಅದರ ಪಕ್ಕ ನಿವಾಸಿಗಳ ಮಾತನ್ನಿಟ್ಟು ನೋಡಿದ ರಾಬರ್ಟ್ ಸ್ಯಾಂಪ್ಸನ್, ಸ್ಟೀಫನ್ ರೌಡೆನ್‌ಬುಷ್ 2004ರಲ್ಲಿ ಬರೆದರು: ಕಸ ಅಷ್ಟೇ ಇದ್ದರೂ ಕಪ್ಪುಜನ, ಬಡಜನ ಹೆಚ್ಚಿರುವ ಕಡೆ 'ಅವ್ಯವಸ್ಥೆ' ಹೆಚ್ಚು ಕಾಣುತ್ತದೆ. ಬಿಳಿಯರಿಗಷ್ಟೇ ಅಲ್ಲ, ಕಪ್ಪುಜನರಿಗೂ! (ಕೇರಿ ಅಂದೊಡನೆ ಮೂಗು ಮುಚ್ಚುವವರನ್ನು ನಾವು ಕಂಡಿಲ್ಲವೆ? ಕೇರಿ ಬಿಟ್ಟು ಲೇಔಟು ಸೇರಿದ ನಮ್ಮವರೂ ಅವರಲ್ಲಿಲ್ಲವೆ?)

ಇಂಥ ಕಣ್ಣಿಗೆ ಲಾಠಿ ಸಿಕ್ಕರೆ? ನ್ಯೂಯಾರ್ಕ್ ಪೊಲೀಸರು 1994ರಿಂದ ಈ ಸಿದ್ಧಾಂತವನ್ನೇ ಕೈಪಿಡಿ ಮಾಡಿಕೊಂಡರು. ಅದರ ನೆರಳಲ್ಲೇ ಬೀದಿಯಲ್ಲಿ ತಡೆದು ತಡಕಾಡುವ ಪದ್ಧತಿಯೂ ಬೆಳೆಯಿತು. 2011 ಒಂದೇ ವರ್ಷದಲ್ಲಿ ಹೀಗೆ ತಡೆದದ್ದು ಸುಮಾರು 6.85 ಲಕ್ಷ ಸಲ. ತಡೆಸಿಕೊಂಡವರಲ್ಲಿ ಬಹುಪಾಲು ಕಪ್ಪುಜನ, ಲ್ಯಾಟಿನೋಗಳು; ಹೆಚ್ಚಿನವರ ಮೇಲೆ ಯಾವ ಕೇಸೂ ಇಲ್ಲ. ತಮ್ಮದೇ ಬೀದಿಯಲ್ಲಿ ಪೊಲೀಸರಿಗೆ ಹೆದರಿ ಓಡಾಡಿದ ಆ ಹುಡುಗರ ಭಯ ಮಾತ್ರ ಕಿಟಕಿ ಎಣಿಸುವವರ ಲೆಕ್ಕಕ್ಕೆ ಬರಲಿಲ್ಲ. ನಗರ ಆ ಪದ್ಧತಿಯನ್ನು ನಡೆಸಿದ ರೀತಿ ಸಂವಿಧಾನಬಾಹಿರ ಎಂದು ಫೆಡರಲ್ ನ್ಯಾಯಾಲಯ ಹೇಳಿದ್ದು 2013ರಲ್ಲಿ.