ಮಣ್ಣಿನ ಗೋಡೆಯೂ ಸಿಮೆಂಟಿನ ಕವಚವೂ

ಮಲೆನಾಡಿನಲ್ಲಿ ಮಣ್ಣುಗೋಡೆಯ ಹಳೆಯ ಮನೆಗಳನ್ನು ಇನ್ನೂ ಉಳಿಸಿಕೊಂಡು ಬಂದಿರುವ ಗೃಹಸ್ಥರಲ್ಲಿ ಅನೇಕರು, ಗೋಡೆಯ ಬುಡದಲ್ಲಿ ತೇವ ಕಾಣಿಸಿ ಸಾರಣೆ ಹಕ್ಕಳೆಯೇಳಲು ತೊಡಗಿದೊಡನೆ, ಮಣ್ಣು ಸ್ವಭಾವತಃ ಮಳೆಗೆ ನಿಲ್ಲಲಾರದ ದ್ರವ್ಯವೆಂದೂ, ಸಿಮೆಂಟಿನ ಗಿಲಾವು ಮಾಡಿಸಿದ ಹೊರತು ಅದಕ್ಕೆ ಉಳಿಗಾಲವಿಲ್ಲವೆಂದೂ ನಿಶ್ಚಯಿಸಿಬಿಡುತ್ತಾರೆ. ಈ ನಿಶ್ಚಯದ ಮೊದಲ ಭಾಗ ಅರ್ಧಸತ್ಯ. ಎರಡನೆಯ ಭಾಗವಾದರೋ ಅನೇಕ ಒಳ್ಳೆಯ ಮನೆಗಳನ್ನು ಕೆಡಿಸಿರುವ ಅಸತ್ಯ.

ಮಣ್ಣು ಅಷ್ಟು ದುರ್ಬಲವಾಗಿದ್ದ ಪಕ್ಷದಲ್ಲಿ, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಮಣ್ಣಿನ ಮನೆಯೊಂದೂ ಎರಡನೆಯ ತಲೆಮಾರನ್ನು ಕಾಣುತ್ತಿರಲಿಲ್ಲ. ಕಲ್ಲಿನ ಎತ್ತರದ ಪಂಚಾಂಗ, ಗೋಡೆಯಿಂದ ದೂರಕ್ಕೆ ಚಾಚಿದ ಸೂರು, ಸುತ್ತಣ ಜಗಲಿ, ಮುಂಗಾರಿಗೆ ಮೊದಲೇ ಇರಚಲು ಹೊಡೆಯುವ ಕಡೆಗೆ ಕಟ್ಟುತ್ತಿದ್ದ ಅಡಕೆಸೋಗೆಯ ತಟ್ಟಿ, ಇವುಗಳ ಆಶ್ರಯದಲ್ಲಿ ಆ ಗೋಡೆಗಳು ಬಾಳಿದವು. ಸೂರನ್ನು ಮೊಟಕುಮಾಡಿ, ತಟ್ಟಿಯನ್ನು ಮರೆತು, ಬಳಿಕ ಮಣ್ಣನ್ನು ದೂರುವುದು ನ್ಯಾಯವಲ್ಲ.

ತೇವ ಮೇಲಿನಿಂದಲೇ ಬರುತ್ತದೆಂಬುದು ಇನ್ನೊಂದು ಭ್ರಮೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಗೋಡೆಯ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಮೇಲಕ್ಕೆಳೆಯುತ್ತವೆ. ಆ ನೀರು ಮೈಮೇಲೆ ಬಂದು ಆರಿಹೋಗುವಲ್ಲಿ, ಅದರಲ್ಲಿ ಕರಗಿದ್ದ ಲವಣ ಹರಳುಗಟ್ಟಿ, ಹರಳು ಬೆಳೆಯುವ ಒತ್ತಡಕ್ಕೆ ಸಾರಣೆ ಪುಡಿಯಾಗುತ್ತದೆ. ಬುಡದಿಂದ ಮೇಲಕ್ಕೆ ಸುಮಾರು ಒಂದೇ ಮಟ್ಟದಲ್ಲಿ ಹಬ್ಬಿದ ಕಲೆಯೂ ಅದರ ಅಂಚಿನಲ್ಲಿ ಬೆರಳಿಗೆ ಹತ್ತುವ ಬಿಳಿಯ ಹುಡಿಯೂ ಇದರ ಗುರುತು. ಕಲೆ ಸೂರಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿದಿದ್ದರೆ ಒಡೆದ ಹೆಂಚನ್ನು ಹುಡುಕಬೇಕು. ಅಂಗಳಕ್ಕೆ ಗೋಡೆಯವರೆಗೂ ಕಾಂಕ್ರೀಟು ಹಾಕಿಸಿದ ಮೇಲೆ ಬುಡದಿಂದೇರುವ ತೇವ ಹೆಚ್ಚುವುದುಂಟು. ನೆಲದಿಂದಲೇ ಆವಿಯಾಗಿ ಹೋಗುತ್ತಿದ್ದ ನೀರಿಗೆ ಗೋಡೆಯೊಂದೇ ದಾರಿಯಾಗಿ ಉಳಿಯುತ್ತದೆ.

ಇನ್ನು ಸಿಮೆಂಟು. ಮಣ್ಣು ತೇವವನ್ನು ಹೀರಿದಾಗ ಕೊಂಚ ಹಿಗ್ಗಿ, ಆರಿದಾಗ ಕುಗ್ಗುತ್ತದೆ. ಬಿರುಸಾದ ಸಿಮೆಂಟು ಅದರೊಡನೆ ಚಲಿಸಲಾರದೆ ಬೇರ್ಪಟ್ಟು ಕೂದಲೆಳೆಯ ಬಿರುಕು ಬಿಡುತ್ತದೆ. ಆ ಬಿರುಕಿನಿಂದ ಒಳಹೊಕ್ಕ ನೀರಿಗೂ ಬುಡದಿಂದ ಏರಿದ ನೀರಿಗೂ ಹೊರಬರುವ ಮಾರ್ಗವಿಲ್ಲದೆ, ತೇವ ಕವಚದ ಹಿಂದೆ ಇನ್ನೂ ಮೇಲಕ್ಕೆ ಏರುತ್ತದೆ. ಒದ್ದೆಯಾದಷ್ಟೂ ಮಣ್ಣಿನ ಭಾರ ಹೊರುವ ಶಕ್ತಿ ಕುಂದುವುದರಿಂದ, ಹೊರಗೆ ನುಣುಪಾಗಿ ಕಾಣುವ ಗೋಡೆ ಒಳಗೆ ಕೆಸರಾಗಿರುವುದು ಸಾಧ್ಯ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆಯೆಂದೇ ತಿಳಿಯಬೇಕು. ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ರಾಂಚೋಸ್ ದೆ ತಾವೋಸ್ ಎಂಬಲ್ಲಿ, ಹಸಿ ಇಟ್ಟಿಗೆಯ ಪ್ರಾಚೀನ ಇಗರ್ಜಿಯೊಂದಕ್ಕೆ 1967ರಲ್ಲಿ ಸಿಮೆಂಟು ಬಳಿಸಲಾಯಿತು. ಒಳಗಿನ ಇಟ್ಟಿಗೆ ತೇವದಿಂದ ಕೆಡುತ್ತಿರುವುದನ್ನು ಕಂಡು, 1979ರಲ್ಲಿ ಆ ಸಿಮೆಂಟನ್ನು ಕಿತ್ತು, ಊರವರೇ ಕೈಯಾರೆ ಮಣ್ಣು ಮೆತ್ತುವ ಪದ್ಧತಿಗೆ ಮರಳಿದರು.

ಸಿಮೆಂಟು ಮಣ್ಣಿಗೆ ಸರ್ವಥಾ ಶತ್ರುವೆಂದು ಇದರ ಅರ್ಥವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು, ತಕ್ಕ ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟನ್ನು ಕಲಸಿ ಯಂತ್ರದಲ್ಲಿ ಒತ್ತಿ ಬಲವಾದ ಇಟ್ಟಿಗೆಗಳನ್ನು ಮಾಡಿ ತೋರಿಸಿದ್ದಾರೆ. ಹೊಸ ಗೋಡೆಗೆ ಅದು ಉತ್ತಮ; ಹಳೆಯ ಗೋಡೆಯ ಮೇಲಣ ಹೊದಿಕೆಯ ಮಾತೇ ಬೇರೆ.

ಸಿಮೆಂಟು ಬಳಿಸಿ ಕೆಟ್ಟ ಗೋಡೆ ಉಬ್ಬಿದ್ದರೆ ಮೊದಲು ಮಾಡಿಗೆ ಊರೆಗೋಲು ಕೊಡಬೇಕು. ಬೇಸಗೆಯಲ್ಲಿ ಸಿಮೆಂಟನ್ನು ತುಣುಕುತುಣುಕಾಗಿ ಬಿಡಿಸಿ, ದಪ್ಪ ಗೋಡೆ ಒಣಗಲು ತಿಂಗಳುಗಳೇ ಹಿಡಿಯುತ್ತವೆಂಬುದನ್ನು ಒಪ್ಪಿ, ಆತುರಪಡದೆ ಕಾಯಬೇಕು. ತಗ್ಗುಗಳಿಗೆ ಅದೇ ಜಾತಿಯ ಮಣ್ಣನ್ನು ತುಂಬಿ, ಹುಲ್ಲಿನ ತುಂಡು ಬೆರೆಸಿದ ಮಣ್ಣಿನ ಗಿಲಾವನ್ನೋ ಸುಣ್ಣದ ಗಾರೆಯನ್ನೋ ಕೊಟ್ಟು, ಮೇಲೆ ಸುಣ್ಣ ಬಳಿಯಬೇಕು. ಒಣಗಿದಾಗ ಬಿರಿಯುವ ಎರೆಮಣ್ಣು ಈ ಕೆಲಸಕ್ಕೆ ಬಾರದು.

ಮಣ್ಣುಗೋಡೆಯ ಮನೆಯುಳ್ಳ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಸಿಮೆಂಟಿನ ಚೀಲವನ್ನು ಕೊಳ್ಳುವ ಮುನ್ನ ಮನೆಯನ್ನೊಮ್ಮೆ ಸುತ್ತಿಬಂದು, ಗೋಡೆಯ ಬುಡಕ್ಕೆ ಏರಿ ಕುಳಿತ ಮಣ್ಣನ್ನು ತೆಗೆಸಿ, ನೀರು ಹೊರಕ್ಕೆ ಹರಿದುಹೋಗುವಂತೆ ಒಂದು ಕಾಲುವೆಯನ್ನು ತೋಡಿಸಿರಿ.