ಊರಿನ ಹೊಲದ ಒಡ್ಡು ಗಟ್ಟಿಯಿದೆಯೇ?

ಮುಂಬೈ, ಪುಣೆ ಸೇರಿದ ನಮ್ಮ ಎಷ್ಟೋ ಮನೆತನಗಳ ಕಥೆ 1972ರ ಬರದಿಂದ ಶುರುವಾಗುತ್ತದೆ. ಮಳೆ ಕೈಕೊಟ್ಟಿತು, ಹಿರಿಯರು ಗಂಟುಮೂಟೆ ಕಟ್ಟಿ ರೈಲು ಹತ್ತಿದರು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಗುಳೆ ಇನ್ನೂ ನಿಂತಿಲ್ಲ.

ಬರವನ್ನು ತಪ್ಪಿಸಲಾಗದು. ಆದರೆ ಎರಡು-ಮೂರು ಎಕರೆಯ ರೈತನೂ ಮನೆಗೆ ಸಾಲುವಷ್ಟು ಜೋಳ ಉಳಿಸಿಕೊಳ್ಳುವ ದಾರಿಗಳಿವೆ.

ವಿಜಯಪುರ ಕಡೆಯ ಎರಿಭೂಮಿಯನ್ನೇ ನೋಡಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುವ ಹಿಂಗಾರಿ ಬಿಳಿಜೋಳ ಬೆಳೆಯುವುದು ಹೆಚ್ಚಾಗಿ ನೆಲದೊಳಗಿನ ಹಸಿಯ ಮೇಲೆ. ಮುಂಗಾರಿನ ನೀರು ಇಳಿಜಾರಿನಲ್ಲಿ ಹರಿದುಹೋದರೆ ಮೇಲ್ಮಣ್ಣೂ ಹೋಯಿತು, ಹಸಿಯೂ ಹೋಯಿತು. ಅದಕ್ಕೇ ಜೂನ್, ಜುಲೈನಲ್ಲಿ ಹೊಲದ ತುಂಬ ಸಣ್ಣ ಬದು ಹಾಕಿ ಚೌಕು ಮಡಿ ಮಾಡುತ್ತಾರೆ. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಬಿತ್ತಿದ ಮೇಲೆ ಎಡೆಕುಂಟೆ ಹೊಡೆದರೆ ನೆಲದ ಬಿರುಕು ಮುಚ್ಚಿ ಹಸಿ ಆರುವುದಿಲ್ಲ. ನಡುನಡುವೆ ಕಡಲೆ, ಕುಸುಬೆಯ ಸಾಲಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಕೈಹಿಡಿಯುತ್ತದೆ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಕೃಷಿ ಹೊಂಡಗಳೂ ಇದೇ ಲೆಕ್ಕದವು. ತೆನೆ ಹೊರಡುವ ಹೊತ್ತಿಗೆ ಒಂದು ಸಲ ನೀರು ಕೊಟ್ಟರೂ ಬೆಳೆ ಬದುಕೀತು.

ಜೋಳ ಬೆಳೆದರೆ ಮನೆಗೆ ರೊಟ್ಟಿ, ದನಕ್ಕೆ ಕಣಿಕೆ. ಹಿಂದೆ ಒಳ್ಳೆಯ ವರ್ಷದ ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬರದ ವರ್ಷ ತೆಗೆಯುತ್ತಿದ್ದರು. ಈಗ ಹಗೇವುಗಳು ಮುಚ್ಚಿವೆ. ಕೊಯ್ಲಿಗೆ ಆಳು ಸಿಗದೆ, ರೊಕ್ಕದ ಬೆಳೆಯ ಆಸೆಗೆ ಜೋಳವೂ ಹಿಂದೆ ಸರಿದಿದೆ. ರೊಕ್ಕದ ಬೆಳೆ ಕೆಟ್ಟರೆ ರೈತನೇ ಪೇಟೆಯಲ್ಲಿ ಜೋಳ ಕೊಳ್ಳಬೇಕು.

ಇದರಲ್ಲಿ ನಮ್ಮ ಪಾಲೂ ಇದೆ. ನಮ್ಮಲ್ಲಿ ಅನೇಕರ ಹೊಲವನ್ನು ಊರಲ್ಲಿ ಬೇರೆಯವರು ಪಾಲಿಗೆ ಮಾಡುತ್ತಾರೆ. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂಬ ಅನುಮಾನವಿದ್ದವನು ಒಡ್ಡು ಹಾಕಿಸುವುದಾದರೂ ಹೇಗೆ? ಒಡ್ಡು ಒಡೆದರೆ ಅವನ ಒಂದು ಬೆಳೆ ಹೋಗುತ್ತದೆ, ನಮ್ಮ ಮಣ್ಣು ಶಾಶ್ವತವಾಗಿ ಹೋಗುತ್ತದೆ.

ಮುಂದಿನ ಸಲ ಜಾತ್ರೆಗೆ ಹೋದಾಗ ಹೊಲಕ್ಕೂ ಒಮ್ಮೆ ಹೋಗಿ ಬನ್ನಿ. ಒಡೆದ ಒಡ್ಡಿನ ಖರ್ಚು ನೀವೇ ಹಾಕಿ. ಪಾಲುಗಾರನಿಗೆ, "ಅರ್ಧ ಹೊಲಕ್ಕಾದರೂ ಜೋಳ ಹಾಕಪ್ಪಾ, ನನ್ನ ಪಾಲು ಕಾಳಿನಲ್ಲೇ ಕೊಡು" ಎನ್ನಿ. ನಿಮ್ಮ ಮನೆಗೆ ಊರ ಜೋಳದ ರೊಟ್ಟಿ, ಅವನ ಮನೆಗೆ ಬರದ ವರ್ಷದ ಧೈರ್ಯ.